ಗಸಗಸೆ ನಿದ್ದೆ

ಹಾಲೆಂಡಿನ ಲಾರೆನ್ ಹಳ್ಳಿಯ ನೇಕಾರರ ಮನೆಗಳಲ್ಲಿ ಕೂಸು ಅತ್ತರೆ ಮಗ್ಗ ನಿಲ್ಲುತ್ತಿತ್ತು. ಅದಕ್ಕೇ ಒಣ ಗಸಗಸೆ ಕಾಯಿಯನ್ನು ಹಾಲಿನಲ್ಲಿ ಕುದಿಸಿ, ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ ಕೂಸಿಗೆ ಚೀಪಲು ಕೊಡುವುದು ಮುತ್ತಜ್ಜಿಯರ ಕಾಲದಿಂದ ಬಂದ ರೂಢಿ. ಹಿಲ್ಲೆಯ ಮನೆಯಲ್ಲಿ ಆ ಕೆಲಸ ಅವಳ ಅತ್ತೆ ಗೀಸಾಳದು.

ಆ ಬೇಸಿಗೆಯಲ್ಲಿ ಆಮ್‌ಸ್ಟರ್‌ಡಾಮಿನಿಂದ ಒಬ್ಬ ಚಿತ್ರಕಾರ ಬಂದ. ಬಡವರ ಮನೆಯ ಅಕ್ಕರೆಯನ್ನು ಬರೆದ ಚಿತ್ರಗಳೆಂದರೆ ಪಟ್ಟಣದವರಿಗೆ ಪ್ರಾಣವಂತೆ. ಹಿಲ್ಲೆಯ ಮನೆಗೆ ಬಂದು ತೊಟ್ಟಿಲನ್ನು ಕಿಟಕಿಯ ಬೆಳಕಿಗೆ ಎಳೆಸಿ, ಅವಳನ್ನು ಅದರ ಮೇಲೆ ಬಾಗಿ ಕೂರಿಸಿದ. ಮಗು ಮಿಸುಕದಿದ್ದರೆ ಸಾಕು ಎಂದ. ಅದರ ಚಿಂತೆ ನನಗೆ ಬಿಡಿ ಎಂದಳು ಗೀಸಾ. ಅಂದಿನಿಂದ ಹಿಲ್ಲೆಯ ನಾಲ್ಕು ತಿಂಗಳ ಮಗ ಟ್ಯೂನನಿಗೆ ದಿನಕ್ಕೆ ಮೂರು ಸಲ ಆ ಹಾಲು.

ಅದು ನಿದ್ದೆಯಲ್ಲ, ಮಂಪರು. ಒಂದು ದಿನ ಉಸಿರೇ ಮರೆತುಹೋಗುತ್ತದೆ ಎಂದು ಸೂಲಗಿತ್ತಿ ಬಾಣಂತನದಲ್ಲೇ ಹಿಲ್ಲೆಗೆ ಹೇಳಿದ್ದಳು. ಅತ್ತೆಯ ಮುಂದೆ ಅದನ್ನು ಆಡಲು ಹಿಲ್ಲೆಗೆ ನಾಲಗೆ ಬಂದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ, ಬಾಗಿ ಕೂತವಳ ಕಣ್ಣಿಗೆ ಮಗುವಿನ ತುಟಿ ನೀಲಿಗಟ್ಟಿದ್ದು ಕಂಡಿತು. ರೆಪ್ಪೆ ಬಿಡಿಸಿ ನೋಡಿದಳು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು. ಚಿತ್ರಕಾರ ಅಲುಗಬೇಡ ಎನ್ನುತ್ತಿದ್ದಂತೆಯೇ ಅವಳು ಮಗುವನ್ನು ಎತ್ತಿ ಹಿತ್ತಿಲಿಗೆ ನಡೆದು, ಅಂಗಾಲಿಗೆ ಬಾವಿಯ ತಣ್ಣೀರು ಸುರಿದು ತಟ್ಟತೊಡಗಿದಳು.

ಗೀಸಾ ಹಿಂದೆಯೇ ಬಂದಳು. "ಮಲಗಿದ ಕೂಸನ್ನ ಎಬ್ಬಿಸೋ ತಾಯಿನ ಇವತ್ತೇ ಕಂಡಿದ್ದು. ಏಳು ಮಕ್ಕಳನ್ನ ಇದೇ ಹಾಲು ಕುಡಿಸಿ ಸಾಕಿದೀನಿ ಕಣೇ."

"ಏಳು ಹೆತ್ರಿ ಅತ್ತೆ. ಸಾಕಿದ್ದು ನಾಲ್ಕು."

ಗೀಸಾ ಒಳಗೆ ಹೋಗಿ ಮೂಲೆಯಲ್ಲಿ ಕೂತಳು. ಹಿಲ್ಲೆ ತಟ್ಟುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಟ್ಯೂನ್ ಒಮ್ಮೆ ಬಿಕ್ಕಿ, ಎದೆ ತುಂಬ ಉಸಿರೆಳೆದು, ಕೇರಿಗೆಲ್ಲ ಕೇಳುವಂತೆ ಅತ್ತ.

ಹಿಲ್ಲೆ ಒಳಗೆ ಬಂದು ಪಾತ್ರೆಯ ಹಾಲನ್ನು ಬೂದಿಗುಂಡಿಗೆ ಚೆಲ್ಲಿದಳು. ಈ ಮನೆಯಲ್ಲಿ ಇನ್ನು ಇದು ಕುದಿಯುವುದಿಲ್ಲ ಎಂದಳು, ದನಿ ಏರಿಸಲಿಲ್ಲ. ಮಗು ಮಲಗಿದಾಗ ಬರಲೇ ಎಂದು ಚಿತ್ರಕಾರ ಕೇಳಿದ. ತಾನಾಗಿ ಮಲಗಿದರೆ ಬನ್ನಿ ಎಂದಳು. ಅವನು ಮತ್ತೆ ಬರಲಿಲ್ಲ. ತೊಟ್ಟಿಲಲ್ಲಿ ಬಟ್ಟೆಯ ಗಂಟನ್ನಿಟ್ಟು ಬೇರೆ ಮನೆಯಲ್ಲಿ ಚಿತ್ರ ಮುಗಿಸಿದನೆಂದು ಆಮೇಲೆ ತಿಳಿಯಿತು.

ಮಧ್ಯಾಹ್ನವೆಲ್ಲ ಮಗು ಅಳುತ್ತಲೇ ಇತ್ತು, ಮಗ್ಗ ನಿಂತೇ ಇತ್ತು. ಗೀಸಾ ಮೂಲೆಯಿಂದ ಎದ್ದು ಬಂದು, ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಅತ್ತಿತ್ತ ನಡೆದಾಡಿದಳು.

"ಆ ಮೂವರ ತುಟೀನೂ," ಎಂದಳು ಕೊನೆಗೆ, "ಹೀಗೇ ನೀಲಿ ಆಗಿತ್ತು."