ಗದಿಗೆಮ್ಮನ ಬಳೆ ಪೆಟ್ಟಿಗೆ

ಇನ್ನೊಂದು ಹಸಿರು ಬಳೆಯೂ ಗದಿಗೆಮ್ಮನ ಗೆಣ್ಣಿನ ಮೇಲೆ ಚಟ್ಟೆಂದು ಒಡೆಯಿತು. ಮಗಳು ಶೈಲಾ ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

“ಒಡಿಬ್ಯಾಡವಾ! ನಾ ಇನ್ನಾ ಬದುಕೀನಿ. ಮುತ್ತೈದಿ ಕೈಯಾಗ ಬಳಿ ಒಡಿಬಾರದು,” ಎಂದ ಮೌನಪ್ಪ, ಹೆಂಡತಿಯ ಹೆಣದ ತಲೆದೆಸೆಯಲ್ಲಿ ಕುಳಿತು.

“ಏರವಲ್ಲವು ಅಪ್ಪಾ. ದೊಡ್ಡ ಅಳತಿವು ಅಂಗಡ್ಯಾಗಿಂದ ತರಲೇನು?”

“ಊರಿಗೆಲ್ಲ ಬಳಿ ಇಡಿಸಿದಾಕಿ. ಆಕಿ ಪೆಟಗ್ಯಾಗಿನವೇ ಹಾಕಬೇಕು.”

ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಹಿಂದಿನ ತಗಡಿನ ಶೆಡ್ಡು. ಯಾದಗಿರಿ ಕಡೆಯ ಕೂಲಿಯವರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಮೇಸ್ತ್ರಿ ಕಾಶಿನಾಥ ಬಾಗಿಲಲ್ಲಿ ಇಣುಕಿ, “ಲಗೂ ಮಾಡ್ರಿ, ಗಾಡಿಯಂವ ಗಡಿಬಿಡಿ ಮಾಡಾಕತ್ಯಾನ. ಮಣ್ಣಿಗಿ ಹೊತ್ತಾಗತೈತಿ,” ಎಂದ.

ಪೆಟ್ಟಿಗೆಯೇನೋ ಹಳೆಯದೇ, ಕೈ ಮಾತ್ರ ಬೇರೆಯದಾಗಿತ್ತು. ಸಿಮೆಂಟು ಬುಟ್ಟಿ ಹೊತ್ತೂ ಹೊತ್ತೂ ಅಂಗೈ ಅಗಲವಾಗಿ ಗೆಣ್ಣುಗಳು ದಪ್ಪಗಾಗಿದ್ದವು. ನಿನ್ನೆ ಅದೇ ಬುಟ್ಟಿ ಇಳಿಸಿ ಎದೆ ಹಿಡಿದು ಕುಳಿತವಳು ಮತ್ತೆ ಏಳಲಿಲ್ಲ.

* * *

ಊರಲ್ಲಿ ಗದಿಗೆಮ್ಮ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಬಂದಳೆಂದರೆ ಹೆಂಗಸರು ಒಲೆಯ ಮೇಲಿನ ಸಾರನ್ನೂ ಮರೆಯುತ್ತಿದ್ದರು. ಅವರ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳನ್ನು ಒಳಗೆ ಮಡಚಿ, “ಕೈ ಸಡ್ಲ ಬಿಡವಾ, ನಾ ಅದೀನಿ,” ಎನ್ನುವಳು. ಅಷ್ಟರಲ್ಲಿ ಬಳೆ ಏರಿರುತ್ತಿತ್ತು.

ಕೊರೋನಾ ಬಂತು. ಸಂತೆ ನಿಂತಿತು, ಮದುವೆಗಳು ಮುಚ್ಚಿದ ಬಾಗಿಲೊಳಗೇ ಮುಗಿದವು. ಎಲ್ಲರ ಕೈ ಹಿಡಿಯುವವಳು ಮನೆಮನೆಗೆ ರೋಗ ಒಯ್ಯುತ್ತಾಳೆಂದು ಸುದ್ದಿಯಾಯಿತು. ಆದರೂ ಚೊಚ್ಚಲ ಬಸುರಿಯ ಕೈ ಬರಿದಾಗಿರಬಾರದೆಂದು, ನೆರೆಮನೆಯ ಶಾಂಭವಿಯ ಸೀಮಂತದ ಕುಬಸಕ್ಕೆ ಅವಳು ಹಸಿರು ಬಳೆ ಹಿಡಿದು ಹೋದಳು.

ಶಾಂಭವಿ ಬಾಗಿಲು ತೆರೆಯಲಿಲ್ಲ. “ಮುಟ್ಟಬ್ಯಾಡ ಅತ್ತಿ. ಹೊಸ್ತಿಲದಾಗ ಇಟ್ಟು ಹೋಗು.”

“ಕೈ ಹಿಡೀಲಾರದ ಬಳಿ ಹ್ಯಾಂಗ ಇಡಸ್ಲವ್ವಾ?”

ಗದಿಗೆಮ್ಮ ಆ ಬಳೆಗಳನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಸಮೇತ, ಗಂಡ ಮಗಳ ಜೊತೆ ಕೂಲಿ ಹುಡುಕಿ ಹೈದರಾಬಾದಿನ ಬಸ್ಸು ಹತ್ತಿದಳು. ಶಾಂಭವಿಯ ಗಂಡನ ಸಂತೆಯ ವ್ಯಾಪಾರವೂ ಮುಳುಗಿ ಅವಳೂ ಮರುವರ್ಷ ಅದೇ ಶೆಡ್ಡಿಗೆ ಬಂದಳು. ಇಬ್ಬರೂ ಜೊತೆಯಲ್ಲೇ ಬುಟ್ಟಿ ಹೊತ್ತರು, ಆ ದಿನದ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

* * *

“ಜರಾ ಸರಿ ಶೈಲಾ, ನಾ ನೋಡ್ತೀನಿ,” ಎಂದು ಶಾಂಭವಿ ಗೋಡೆಯ ಬದಿಯಿಂದ ಎದ್ದು ಬಂದಳು. ತಣ್ಣಗಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಮಡಚಲು ನೋಡಿದಳು. ಅದು ಬಾಗಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ, ಹೈದರಾಬಾದಿಗೆ ಬಂದ ಮೇಲೆ ಕೊಂಡಿದ್ದ ತನ್ನ ಕೈಯ ದೊಡ್ಡ ಅಳತೆಯ ಹಸಿರು ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದಳು.

“ಏ, ಗಂಡ ಇದ್ದಾಕಿ ಹೆಣದ ಮುಂದ ಕೈ ಬರಿದು ಮಾಡ್ಕೋತಾಳೇನು!” ಎಂದು ಯಾರೋ ಹೆಂಗಸು ಚೀರಿದಳು.

ಶಾಂಭವಿ ಕೇಳಿಸಿಕೊಳ್ಳಲಿಲ್ಲ. ಅವಳ ಬಳೆಗಳು ಗದಿಗೆಮ್ಮನ ಕೈಗೆ ತಡೆಯಿಲ್ಲದೆ ಏರಿದವು. ಒಂದೇ ಕೆಲಸ ಮಾಡಿದ ಕೈಗಳು, ಅಳತೆಯೂ ಒಂದೇ ಆಗಿತ್ತು.

ಮೌನಪ್ಪ ಅವಳ ಬರಿಗೈಯನ್ನು ನೋಡಿದ. ಆಮೇಲೆ ಪೆಟ್ಟಿಗೆಯನ್ನು ಮಗಳ ಕಡೆ ತಳ್ಳಿದ. “ಆಕಿನ್ನ ಬರಿಗೈಲೆ ಕಳಸಬ್ಯಾಡವಾ. ನಿಮ್ಮವ್ವ ಕಳಸ್ತಿದ್ದಿಲ್ಲ.”

ಅಂದಿನ ಕುಬಸದ ಬಳೆಗಳು ಪೆಟ್ಟಿಗೆಯ ಮೂಲೆಯಲ್ಲಿ ಕಟ್ಟು ಬಿಚ್ಚದೆ ಹಾಗೇ ಇದ್ದವು. ಎಂದೂ ಯಾರಿಗೂ ಬಳೆ ಇಡಿಸದ ಶೈಲಾ ಅವನ್ನೇ ಬಿಚ್ಚಿ, ಶಾಂಭವಿಯ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಕೈ ಸಡ್ಲ ಬಿಡಕ್ಕಾ, ನಾ ಅದೀನಿ.”

ಹೊರಗೆ ಗಾಡಿಯವನು ಹಾರ್ನು ಹೊಡೆದ. ಬಳೆ ಗೆಣ್ಣಿಗೆ ಬಂದು ಸಿಕ್ಕಿಕೊಂಡಿತು. ಶಾಂಭವಿ ಹಲ್ಲು ಕಚ್ಚಿದಳು, ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.