ಬೆಳ್ಳಿ ಕಾಗದದ ಫ್ಯೂಸುಗಳು

ಬ್ರೇಕ್ ತುಳಿದರೆ ಗಾಡಿಯ ಹಿಂದೆ ಕೆಂಪು ದೀಪ ಹತ್ತಬೇಕು. ಡ್ರೈವರಮ್ಮ ತುಳಿದಳು. ಹತ್ತಿದ್ದು ಅವಳ ಮೂಗಿನೆದುರಿನ ಸ್ಪೀಡೋಮೀಟರಿನ ದೀಪ, ಅದೂ ನಿದ್ದೆಗೆಟ್ಟವರ ಕಣ್ಣಿನ ಹಾಗೆ ಮಂಕಾಗಿ. ಕಾಲು ತೆಗೆದಳು, ಆರಿತು. ಮತ್ತೆ ತುಳಿದಳು, ಮತ್ತೆ ಮಿಣುಕಿತು.

"ಹಿಂದೆ ಹೇಗಿದೆ?" ಎಂದು ಕೂಗಿದಳು.

"ಬೂದಿ ಮುಚ್ಚಿದ ಕೆಂಡದ ಹಾಗಿದೆ ಅತ್ತೆ," ಎಂದಳು ಡಿಕ್ಕಿಯ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಸೊಸೆ. "ಇಂಡಿಕೇಟರೂ ಮಿಣಕ್ ಅಂತಿದೆ. ನೀವು ಹಾಕಿದ್ದೀರಾ?"

"ಮುಟ್ಟೇ ಇಲ್ಲ."

"ಹಾಗಾದ್ರೆ ದೆವ್ವ ಹಿಡಿದಿದೆ."

"ಹಿಡಿದಿರೋದು ದೆವ್ವ ಅಲ್ಲ ಕಣೇ, ನನ್ನ ಮಗ."

ಸೊಸೆ ನಕ್ಕಳು. ಗಂಡನನ್ನು ಬಯ್ಯುವ ಕೆಲಸವನ್ನು ಬೇರೆಯವರು ವಹಿಸಿಕೊಂಡರೆ ಯಾರಿಗೆ ತಾನೇ ನಗು ಬರುವುದಿಲ್ಲ!

ಮಗ ಮಾಡಿದ್ದು ಇಷ್ಟು. ಅಮ್ಮನ ಹಳೆಯ ಟ್ಯಾಕ್ಸಿ ಮನೆಯ ಹಿಂದಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಅದನ್ನು ಒಂದು ದೊಡ್ಡ ಹೋಟೆಲಿನ ಬಾಗಿಲಿಗೆ ಅಲಂಕಾರಕ್ಕೆಂದು ಕೊಡುವುದಾಗಿ ಅವನು ಮಾತು ಕೊಟ್ಟಿದ್ದ. ಹೋಟೆಲಿನವರು ಕೇಳಿದ ಬೆಣ್ಣೆ ಬಣ್ಣವನ್ನು ಅದರ ಮೈತುಂಬ ಹೊಡೆಸಿಯೂ ತಂದಿದ್ದ. ಡ್ರೈವರಮ್ಮ ಆಗ ಜ್ವರದಲ್ಲಿ ಮಲಗಿದ್ದಳು. 'ಏನಾದ್ರೂ ಮಾಡ್ಕೊ' ಎಂದಿದ್ದಳಂತೆ. ಎದ್ದು ಓಡಾಡುವಂತಾದ ಮೇಲೆ ಹೋಟೆಲಿನ ಮ್ಯಾನೇಜರ್ ಬಂದು ಸಂಭ್ರಮದಿಂದ ವಿವರಿಸಿದ. ಎಂಜಿನ್ ಕಿತ್ತು ಆ ಜಾಗದಲ್ಲಿ ಮಣ್ಣು ತುಂಬಿ ಹೂವಿನ ಗಿಡ ನೆಡುವುದು. ಹೆಡ್‌ಲೈಟಿನೊಳಗೆ ಬಣ್ಣಬಣ್ಣದ ಪುಟ್ಟ ದೀಪ ಇಟ್ಟು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವುದು.

"ನನ್ನ ಗಾಡಿ ಗೋಡೆ ಕರೆಂಟಿಗೆ ಉರಿಯುತ್ತಾ?" ಎಂದು ಕೇಳಿದ್ದಳು ಡ್ರೈವರಮ್ಮ. "ಕೊಡಲ್ಲ, ಹೋಗ್ರೀ."

ಮ್ಯಾನೇಜರ್ ಹೋದ ಮೇಲೆ ಊಟದ ಹೊತ್ತಿಗೆ ಮಗ ಶುರು ಮಾಡಿದ. "ಮಾತು ಕೊಟ್ಟಾಗಿದೆ ಅಮ್ಮ."

"ಮಾತು ನಿಂದು, ಗಾಡಿ ನಂದು. ಬೇಕಾದ್ರೆ ನಿನ್ನ ಮಾತನ್ನೇ ತಗೊಂಡು ಹೋಗಿ ಬಾಗಿಲಲ್ಲಿ ನಿಲ್ಲಿಸಿಕೊಳ್ಳಲಿ."

"ಇಟ್ಕೊಂಡು ಏನ್ಮಾಡ್ತೀಯ? ಒಂದು ದೀಪಾನೂ ನೆಟ್ಟಗಿಲ್ಲ. ಇಬ್ಬರು ಎಲೆಕ್ಟ್ರಿಷಿಯನ್‌ಗಳು ನೋಡಿ ಕೈ ಮುಗಿದು ಹೋದ್ರು. ವೈರೆಲ್ಲ ಕಿತ್ತು ಎಸೀಬೇಕಂತೆ. ಇಂಥ ಗಾಡಿ ನಿನ್ನ ಕೈಗೆ ಕೊಟ್ಟು ರಸ್ತೆಗೆ ಬಿಡಲಾ?"

"ದೀಪ ಸರಿಯಾಗಿ ಉರಿದ್ರೆ?"

"ಉರಿಯಲ್ಲ."

"ಉರಿದ್ರೆ ಅಂದೆ."

ಮಗನಿಗೆ ಸಾಕಾಗಿತ್ತು. "ಉರಿದ್ರೆ ನೀನೇ ಓಡಿಸ್ಕೊ, ಅವರಿಗೆ ನಾನೇ ಹೇಳ್ತೀನಿ. ಆದ್ರೆ ಶನಿವಾರ ಅವರ ಲಾರಿ ಬರುತ್ತೆ. ಅಷ್ಟರೊಳಗೆ."

ಸೊಸೆಗೆ ಲಿಫ್ಟ್ ಕಂಪನಿಯಲ್ಲಿ ಕಂಟ್ರೋಲ್ ಪ್ಯಾನಲ್‌ಗಳಿಗೆ ವೈರ್ ಜೋಡಿಸುವ ಕೆಲಸ. ಅವಳು ತಟ್ಟೆಯಿಂದ ತಲೆಯೆತ್ತದೆ, "ನನಗೆ ಶುಕ್ರವಾರ ರಜೆ," ಎಂದಳು. ಅತ್ತೆ ಸೊಸೆ ಒಂದೇ ಪಕ್ಷ ಸೇರಿದ್ದು ಆ ಮನೆಯಲ್ಲಿ ಅದೇ ಮೊದಲು. ಮಗ ಆಗಲೇ ಎಚ್ಚರಗೊಳ್ಳಬೇಕಿತ್ತು.

ಹೀಗೆ ಶುಕ್ರವಾರ ಬೆಳಿಗ್ಗೆ ಇಬ್ಬರೂ ಶೆಡ್ಡಿನಲ್ಲಿದ್ದರು. ಸೊಸೆ ಸ್ಟಿಯರಿಂಗಿನ ಕೆಳಗಿದ್ದ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಳು. ಬೆರಳ ಗೆಣ್ಣಿನುದ್ದದ ಗಾಜಿನ ಫ್ಯೂಸುಗಳ ಸಾಲು. ಒಂದೊಂದರ ಮೈಗೂ ಚಾಕಲೇಟಿನ ಬೆಳ್ಳಿ ಕಾಗದ ಸುತ್ತಿತ್ತು. ಕೆಲವು ಕಾಗದ ಕರಿಹಿಡಿದಿದ್ದವು.

"ಯಾರು ಮಾಡಿದ್ದು ಈ ಘನಂದಾರಿ ಕೆಲಸ?"

"ನಾನೇ," ಎಂದಳು ಡ್ರೈವರಮ್ಮ, ಗದ್ದ ಎತ್ತಿ.

ಅವಳು ಮೊದಲ ಸಲ ಟ್ಯಾಕ್ಸಿ ಸ್ಟ್ಯಾಂಡಿಗೆ ಗಾಡಿ ತಂದಾಗ ಅಲ್ಲಿದ್ದ ಗಂಡಸರು ನಕ್ಕಿದ್ದರು. ಹೆಂಗಸಿನ ಗಾಡಿ ನಡುದಾರಿಯಲ್ಲಿ ನಿಲ್ಲುವುದನ್ನು ನೋಡಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು. ಅವಳು ನಿಲ್ಲಿಸಲಿಲ್ಲ. ಫ್ಯೂಸ್ ಹೋದರೆ, ಯಾರಾದರೂ ತಿರುಗಿ ನೋಡುವಷ್ಟರಲ್ಲಿ ಚಾಕಲೇಟ್ ಬಾಯಿಗೆ, ಕಾಗದ ಫ್ಯೂಸಿಗೆ. ಸ್ಟ್ಯಾಂಡಿನ ಅರ್ಧ ಜನ ರಿಟೈರಾದರು. ಅವಳ ಗಾಡಿ ಮಾತ್ರ ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಪರ್ಸಿನಲ್ಲಿ ಈಗಲೂ ಒಂದು ಚಾಕಲೇಟ್ ಇತ್ತು.

ಇದನ್ನೆಲ್ಲ ಕೇಳಿದ ಸೊಸೆ ತಲೆಯಾಡಿಸಿದಳು. "ಗಾಡಿ ಹೊತ್ತಿ ಉರೀದೇ ಇದ್ದದ್ದು ನಿಮ್ಮ ಪುಣ್ಯ. 'ಸಾಕು, ಇನ್ನು ಆಗಲ್ಲ' ಅಂತ ಹೇಳೋಕೇ ಅಲ್ವಾ ಫ್ಯೂಸ್ ಇರೋದು? ಅದರ ಬಾಯಿ ಮುಚ್ಚಿಸಿಬಿಟ್ಟಿದ್ದೀರ. ಈ ಗಾಡೀಲಿ ಆಗಲ್ಲ ಅನ್ನೋ ಅಧಿಕಾರ ನಿಮಗೊಬ್ಬರಿಗೇ ಇತ್ತು ಅನ್ಸುತ್ತೆ."

"ಮನೇಲೂ ಅಷ್ಟೇ."

"ಗೊತ್ತು ಅತ್ತೆ. ಅನುಭವಿಸ್ತಾ ಇದ್ದೀನಲ್ಲ."

ಕೆಲಸ ನಿಧಾನವಾಗಿ ಸಾಗಿತು. ಬ್ಯಾಟರಿ ಕಳಚಿ, ಫ್ಯೂಸುಗಳನ್ನು ಹಿಡಿಯುವ ಹಿತ್ತಾಳೆಯ ಕ್ಲಿಪ್ಪುಗಳ ಮೇಲಿನ ಹಸಿರು ಕಿಲುಬನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದರು. ವೈರುಗಳ ಬಟ್ಟೆಯ ಹೊದಿಕೆಯ ಬಣ್ಣವೆಲ್ಲ ಹೋಗಿ ಕೆಂಪು, ಕಪ್ಪು, ಹಸಿರು ಎಲ್ಲವೂ ಮಣ್ಣುಬಣ್ಣವಾಗಿದ್ದವು. ಸೊಸೆ ಒಂದೊಂದರ ಎರಡು ತುದಿಗಳನ್ನೂ ಪತ್ತೆಹಚ್ಚಿ ಹೆಸರು ಬರೆದ ಪಟ್ಟಿ ಅಂಟಿಸುತ್ತ ಹೋದಳು. ಹೊದಿಕೆ ಪುಡಿಯಾದ ಕಡೆ ಅಷ್ಟು ತುಂಡನ್ನು ಮಾತ್ರ ಕತ್ತರಿಸಿ ಹೊಸದು ಬೆಸೆದಳು. ಮುಕ್ಕಾಲು ಪಾಲು ವೈರು ಗಟ್ಟಿಯಾಗಿಯೇ ಇತ್ತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತರೋಕೆ ಹೊರಟಿದ್ದರಲ್ಲ ಆ ಎಲೆಕ್ಟ್ರಿಷಿಯನ್‌ಗಳು!" ಎಂದಳು ಡ್ರೈವರಮ್ಮ.

ಸಂಜೆಯ ಹೊತ್ತಿಗೆ ಪ್ರತಿ ಕ್ಲಿಪ್ಪಿನಲ್ಲೂ ಸರಿಯಾದ ಅಳತೆಯ ಹೊಸ ಫ್ಯೂಸ್ ಕೂತಿತ್ತು. ಬ್ಯಾಟರಿ ಜೋಡಿಸಿದರು. ಹೆಡ್‌ಲೈಟ್ ಜಗ್ಗನೆ ಹತ್ತಿತು. ವೈಪರ್ ಆಡಿತು. ಹಾರ್ನ್ ಒಮ್ಮೆ ಕೂಗಿ ಬೀದಿಯ ನಾಯಿಯನ್ನು ಎಬ್ಬಿಸಿತು. ಡ್ರೈವರಮ್ಮ ಬ್ರೇಕ್ ತುಳಿದಳು.

ಮೂಗಿನೆದುರು ಅದೇ ಮಂಕು ದೀಪ ಮಿಣುಕಿತು.

ಸೊಸೆ ನೆಲದ ಮೇಲೇ ಕೂತುಬಿಟ್ಟಳು. "ಎಲೆಕ್ಟ್ರಿಷಿಯನ್‌ಗಳು ಹೇಳಿದ್ದೇ ಸರಿಯೇನೋ ಅತ್ತೆ."

"ಏಳು. ನಿನ್ನ ಗಂಡನ ಹಾಗೆ ಮಾತಾಡಬೇಡ."

ಬೈಸಿಕೊಂಡ ಸೊಸೆ ಎದ್ದಳು. ಉದ್ದದ ಒಂದು ವೈರ್ ತಂದು, ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಸಿಕ್ಕಿಸಿ ಇನ್ನೊಂದನ್ನು ಹಿಂದಿನ ದೀಪದ ಲೋಹದ ಬುಡಕ್ಕೆ ಒತ್ತಿ ಹಿಡಿದಳು. "ಈಗ ತುಳೀರಿ."

ಶೆಡ್ಡಿನ ಹಿಂಗೋಡೆ ಕೆಂಪಾಯಿತು. ಮೂಗಿನೆದುರಿನ ದೀಪ ಆರಿತು.

"ಹೋಗೋ ದಾರಿ ಸರಿಯಾಗಿದೆ," ಎಂದಳು ಸೊಸೆ. "ವಾಪಸ್ ಬರೋ ದಾರಿ ಇಲ್ಲ. ಕರೆಂಟು ಗಾಡಿಯ ಮೈಯಿಂದಲೇ ಬ್ಯಾಟರಿಗೆ ವಾಪಸ್ ಬರಬೇಕು. ಬರೋಕಾಗದೆ ಬೇರೆ ದೀಪಗಳ ಒಳಗೆ ನುಗ್ತಿದೆ."

ಇದು ಡ್ರೈವರಮ್ಮನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ದೊಡ್ಡ ರಸ್ತೆ ಮುಚ್ಚಿದರೆ ಗಾಡಿಗಳು ಕಂಡಕಂಡ ಗಲ್ಲಿಗೆ ನುಗ್ಗುವುದನ್ನು ಅವಳು ಜೀವಮಾನವಿಡೀ ನೋಡಿದ್ದಳು. ರಸ್ತೆ ಮುಚ್ಚಿದವರು ಯಾರು ಎನ್ನುವುದಷ್ಟೇ ಪ್ರಶ್ನೆ. ಸ್ಕ್ರೂ ಬಿಚ್ಚಿ ದೀಪವನ್ನು ಹೊರಗೆಳೆದು ಅದರ ಹಿಂದೆ ಬೆರಳಾಡಿಸಿದಳು. ಗಾಜಿನಷ್ಟು ನುಣುಪು. ಬೆಣ್ಣೆ ಬಣ್ಣ, ಎರಡು ಮೂರು ಪದರ. ಬಣ್ಣದವನು ದೀಪ ಬಿಚ್ಚಿ, ಬರಿ ತಗಡು ಇರಬೇಕಾದ ಜಾಗಕ್ಕೂ ಹೊಡೆದು, ಮೇಲೆ ದೀಪ ಕೂರಿಸಿ ತಿರುಪಿದ್ದ.

ಡ್ರೈವರಮ್ಮ ಸ್ಕ್ರೂಡ್ರೈವರಿನ ಮೊನೆಯಿಂದ ಕೆರೆಯತೊಡಗಿದಳು. ಕೆಲಸದಿಂದ ಆಗತಾನೇ ಬಂದ ಮಗ ಆ ಕರಕರ ಸದ್ದಿಗೆ ಶೆಡ್ಡಿಗೆ ಓಡಿಬಂದ.

"ಅಮ್ಮಾ! ಹೊಸ ಬಣ್ಣ!"

"ಹೌದಪ್ಪ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ದೀಪದ ಬುಡಕ್ಕೂ ಹೊಡೆಸಿದ್ದೀಯಲ್ಲೋ, ಕರೆಂಟು ಎಲ್ಲಿಂದ ಹೋಗಬೇಕು? ನಿನ್ನ ತಲೆ ಮೇಲಿಂದಲಾ?"

ಅಷ್ಟರಲ್ಲಿ ಸ್ಕ್ರೂಡ್ರೈವರ್ ಜಾರಿ ಹೊರಗಿನ ಹೊಳಪಿನ ಮೇಲೆ ಗೇಣುದ್ದ ಗೀರು ಎಳೆಯಿತು. ಮಗ ಕಣ್ಣು ಮುಚ್ಚಿಕೊಂಡ. ಡ್ರೈವರಮ್ಮ ಗೀರನ್ನು ನೋಡಿ, "ಅದೂ ಇರಲಿ," ಎಂದು ಕೆರೆಯುವುದನ್ನು ಮುಂದುವರಿಸಿದಳು. ತಗಡು ಬೆಳ್ಳಗೆ ಹಲ್ಲು ಬಿಟ್ಟಿತು.

ಶನಿವಾರ ಬೆಳಿಗ್ಗೆ ಹೋಟೆಲಿನ ಲಾರಿ ಬಂದು ಗೇಟಿಗೆ ಅಡ್ಡ ನಿಂತಾಗ, ಡ್ರೈವರಮ್ಮ ಬಾನೆಟ್ ಮುಚ್ಚಿ ಗಾಡಿಯನ್ನು ಶೆಡ್ಡಿನಿಂದ ಹೊರಗೆ ತರುತ್ತಿದ್ದಳು. ಮಗ ಮ್ಯಾನೇಜರನ ಪಕ್ಕ ನಿಂತು ಏನೋ ತೊದಲುತ್ತಿದ್ದ.

"ಲಾರಿ ತೆಗೀರಿ," ಎಂದು ಡ್ರೈವರಮ್ಮ ಹಾರ್ನ್ ಒತ್ತಿದಳು. ಅದು 'ಪ್' ಎಂದು ಅರ್ಧಕ್ಕೇ ಸತ್ತಿತು.

ಮ್ಯಾನೇಜರ್ ನಕ್ಕ. "ನೋಡಿದ್ರಾ ಅಮ್ಮಾವ್ರೇ? ವಯಸ್ಸಾಗಿದೆ ಅದಕ್ಕೆ. ಆರಾಮಾಗಿ ನಮ್ಮಲ್ಲಿ ಇರಲಿ ಬಿಡಿ."

ಅದೇ ಹಳೆಯ ನಗು. ಅವಳ ಕೈ ತಾನಾಗಿಯೇ ಪರ್ಸಿಗೆ ಹೋಯಿತು. ಚಾಕಲೇಟ್ ಹೊರಗೆ ಬಂತು, ಬೆಳ್ಳಿ ಕಾಗದ ಬಿಚ್ಚಿಕೊಂಡಿತು. ಪಕ್ಕದ ಸೀಟಿನಲ್ಲಿದ್ದ ಸೊಸೆ ಕಾಗದವನ್ನೇ ನೋಡಿದಳು.

ಡ್ರೈವರಮ್ಮ ಚಾಕಲೇಟನ್ನು ಬಾಯಿಗೆ ಹಾಕಿಕೊಂಡು ಕೆಳಗಿಳಿದಳು. ಕಾಗದವನ್ನು ಉಂಡೆ ಮಾಡಿ ಮ್ಯಾನೇಜರನ ಅಂಗೈಗೆ ಇಟ್ಟಳು. "ಎಲ್ಲಾದ್ರೂ ಎಸೀರಿ. ಗಾಡಿ ಆಗಲ್ಲ ಅಂದಿದೆ. ಯಾಕೆ ಅಂತ ಕೇಳಬೇಕು."

ಬಾನೆಟ್ ಎತ್ತಿ ಇಬ್ಬರೂ ಬಗ್ಗಿದರು. ನಿನ್ನೆ ಹಾರ್ನ್ ಕೂಗಿದ್ದು ಬಾನೆಟ್ ತೆರೆದಿದ್ದಾಗ. ಇವತ್ತು ಮುಚ್ಚಿದಾಗ ಅದರ ಕೀಲು ಹಾರ್ನಿನ ವೈರನ್ನು ಕಚ್ಚಿ ಸಿಪ್ಪೆ ಸುಲಿದಿತ್ತು; ಒಳಗಿನ ತಾಮ್ರ ತಗಡಿಗೆ ತಾಗಿ ಫ್ಯೂಸ್ ಹೋಗಿತ್ತು. ಸೊಸೆ ಟೇಪ್ ಸುತ್ತಿದಳು. ಡ್ರೈವರಮ್ಮ ವೈರನ್ನು ಕೀಲಿನಿಂದ ದೂರ ಎಳೆದು ಕಟ್ಟಿದಳು. ಆಮೇಲೆ ಹೊಸ ಫ್ಯೂಸನ್ನು ಕೈಗೆ ತೆಗೆದುಕೊಂಡು, ಮದುವೆ ಮನೆಗೆ ಹೊರಟವಳು ಬಳೆ ತೊಟ್ಟುಕೊಳ್ಳುವಷ್ಟು ನಿಧಾನವಾಗಿ ಕೂರಿಸಿದಳು. ಎಲ್ಲರೂ ಕಾಯಲಿ.

ಈ ಸಲ ಹಾರ್ನ್ ಒತ್ತಿದವಳು ಕೈ ತೆಗೆಯಲೇ ಇಲ್ಲ. ಮ್ಯಾನೇಜರ್ ಕಿವಿ ಮುಚ್ಚಿಕೊಂಡ. ಲಾರಿಯವನು ಅವನ ಅಪ್ಪಣೆಗೆ ಕಾಯದೆ ರಿವರ್ಸ್ ಹಾಕಿದ. ಗಾಡಿ ಗೇಟು ದಾಟಿತು; ರಸ್ತೆಯ ಅಂಚಿನಲ್ಲಿ ಡ್ರೈವರಮ್ಮ ಬ್ರೇಕ್ ತುಳಿದಳು. ಮೂಗಿನೆದುರು ಯಾವ ದೀಪವೂ ಇಲ್ಲ.

"ಹಿಂದೆ ಹೇಗಿದೆಯೋ?" ಎಂದು ಕೂಗಿದಳು.

ಮಗ ಗೇಟಿನಲ್ಲಿ ನಿಂತು ನೋಡಿದ. ನೋಡದೆ ಗತಿಯಿರಲಿಲ್ಲ. "ಕೆಂಪಗಿದೆ," ಎಂದ. ಆಮೇಲೆ ಮ್ಯಾನೇಜರನ ಕಡೆ ತಿರುಗಿ, "ಇಲ್ಲ ಸರ್. ಕೊಡೋಕಾಗಲ್ಲ," ಎಂದ. ಮತ್ತೆ ರಸ್ತೆಯ ಕಡೆಗೆ: "ಎಲ್ಲಿಗೆ ಹೊರಟಿದ್ದೀರ ಇಬ್ಬರೂ?"

"ಹೋಟೆಲಿಗೆ," ಎಂದಳು ಡ್ರೈವರಮ್ಮ ಗೇರ್ ಹಾಕುತ್ತ. "ಬಾಗಿಲಿಗೆ ಗಾಡಿ ಬೇಕು ಅಂದ್ರಲ್ಲ. ಒಂದು ಗಳಿಗೆ ನಿಲ್ಲಿಸಿ, ಹಾರ್ನ್ ಹೊಡೆದು ಬರ್ತೀವಿ."