ಗುಹೆಯಲ್ಲಿಟ್ಟ ಗಾಜು

ಕತ್ತು ಹಿಸುಕುವ ಹಾಗೆ ಎರಡೂ ಕೈಯಿಂದ ತಿರುಗಿಸಿದರೂ ಆ ನಲ್ಲಿ ತೊಟ್ಟಿಕ್ಕುವುದನ್ನು ಬಿಡಲಿಲ್ಲ. ಹೊರಗಿನ ಕೋಣೆಯಲ್ಲಿ ಅಣ್ಣ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕೊನೆಯ ಸಲ ನೋಡಲು ಬಂದವರು ದನಿ ತಗ್ಗಿಸಿ ಮಾತಾಡುತ್ತಿದ್ದರು, ಅವರ ಮಾತಿಗಿಂತ ಅಡುಗೆಮನೆಯ ಟಪ್ ಟಪ್ ಸದ್ದೇ ಜೋರಾಗಿ ಕೇಳುತ್ತಿತ್ತು. ತಂಗಿ ಹಲ್ಲಿನ ಡಾಕ್ಟರು. ಎಂಥೆಂಥ ದವಡೆಗಳನ್ನು ಪಳಗಿಸಿದ ಕೈ ಅವಳದು. ಈ ನಲ್ಲಿಗೆ ಸೋತು, ಅದರ ಬಾಯಿಗೆ ಬಟ್ಟೆ ಸುತ್ತಿ ಹೊರಗೆ ಬಂದಳು.

"ಇದನ್ನ ರಿಪೇರಿ ಮಾಡಿಸೋಕೆ ಇವನಿಗೇನು ಧಾಡಿಯಾಗಿತ್ತು?" ಎಂದರು ಸೋದರತ್ತೆ. "ಜೀವಮಾನವೆಲ್ಲ ಗುಹೇಲಿ ಹನಿ ಬೀಳುತ್ತಾ ಅಂತ ಕಾದ. ಮನೇಲಿ ಬೀಳೋದು ಕಣ್ಣಿಗೇ ಕಾಣ್ಲಿಲ್ಲ."

"ಕಂಡಿತ್ತು ಅತ್ತೆ. ನಾಳೆ ಮಾಡಿಸ್ತೀನಿ ಅಂತಿದ್ದ."

"ಹೋಗ್ಲಿ, ಅಷ್ಟು ವರ್ಷ ಏನು ಕಂಡುಹಿಡಿದ ಹೇಳು. ಬಂದೋರೆಲ್ಲ ನನ್ನನ್ನೇ ಕೇಳ್ತಾರೆ. ಬೆಟ್ಟ ಅಗೆದು ಇಲಿ ಹಿಡಿದ ಅಂತ ಹೇಳ್ಲಾ?"

ತಂಗಿಗೆ ಸಿಟ್ಟು ನೆತ್ತಿಗೇರಿತು. ಸತ್ತವನ ಕಾಲ ಬಳಿ ನಿಂತು ಆಡುವ ಮಾತೇ ಇದು? 

"ಸಂಜೆಯೊಳಗೆ ಹೇಳ್ತೀನಿ. ಗುಹೆ ಕಾವಲುಗಾರ ಬರ್ತಿದಾರೆ," ಎಂದು ಬೀದಿಯ ಕಡೆ ನೋಡಿದಳು. ಬೀದಿಯಲ್ಲಿ ಹೆಣದ ವ್ಯಾನು ಮಾತ್ರ ಇತ್ತು. ಅದರ ಡ್ರೈವರು ಗಡಿಯಾರ ನೋಡಿಕೊಳ್ಳುತ್ತಿದ್ದ.

*

ಹಲ್ಲು ಕೊರೆಯುವ ಅತಿ ಸಣ್ಣ ಮೊನೆಗಳನ್ನು ಅಣ್ಣ ಅವಳ ಕ್ಲಿನಿಕ್ಕಿನಿಂದ ಕಾಡಿ ಬೇಡಿ ಒಯ್ಯುತ್ತಿದ್ದ.

"ನೀನು ಮನುಷ್ಯರ ಹಲ್ಲು ಕೊರೀತೀಯ, ನಾನು ಭೂಮಿ ಹಲ್ಲು ಕೊರೀತೀನಿ. ನನ್ನ ಪೇಷಂಟು ಕಿರುಚಲ್ಲ, ಅಷ್ಟೇ ವ್ಯತ್ಯಾಸ."

ಅವನ ಪೇಷಂಟುಗಳು ಒಣನಾಡಿನ ಒಂದು ಗುಹೆಯ ಕಲ್ಲುಗಳು. ಯಾವುದೋ ಕಾಲದಲ್ಲಿ ಅಲ್ಲಿ ಸೂರಿನಿಂದ ನೀರು ತೊಟ್ಟಿಕ್ಕಿ, ಹನಿಯೊಳಗಿನ ಸುಣ್ಣ ಪದರ ಪದರವಾಗಿ ಕೂತು, ನೆಲದಿಂದ ಮೊಳದೆತ್ತರಕ್ಕೆ ಕಲ್ಲು ಎದ್ದಿತ್ತು. ಮಳೆ ಚೆನ್ನಾಗಿ ಆದ ಕಾಲದ ಪದರ ಒಂದು ಥರ, ಬರಗಾಲದ್ದು ಇನ್ನೊಂದು ಥರ. ಅಣ್ಣ ಕಲ್ಲನ್ನು ಉದ್ದಕ್ಕೆ ಸೀಳಿ, ಒಂದೊಂದು ಪದರದಿಂದಲೂ ಚಿಟಿಕೆಗಿಂತ ಕಡಿಮೆ ಪುಡಿ ಕೊರೆದು, ಯಂತ್ರಕ್ಕೆ ಹಾಕಿ, ಸಾವಿರಾರು ವರ್ಷಗಳ ಹಿಂದಿನ ಮಳೆಯ ಲೆಕ್ಕ ತೆಗೆಯುತ್ತಿದ್ದ. ಈಗ ಹುಲ್ಲುಕಡ್ಡಿಯೂ ಹುಟ್ಟದ ಆ ನೆಲದಲ್ಲಿ ಒಮ್ಮೆ ಕೆರೆಗಳಿದ್ದವು ಎಂಬುದು ಅವನ ವಾದ.

ವಾದವನ್ನು ಯಾರೂ ಒಪ್ಪಲಿಲ್ಲ. "ಇವತ್ತಿನ ಮಳೆ ಅಲ್ಲಿ ಎಂಥ ಸುಣ್ಣ ಕೂರಿಸುತ್ತೆ, ಅದನ್ನ ಮೊದಲು ತೋರಿಸು ಅಂತಾರೆ," ಎಂದಿದ್ದ ಅಣ್ಣ. "ಅವರು ಹೇಳೋದೂ ಸರಿಯೇ. ಗೊತ್ತಿರೋ ಮಳೆ ಪಕ್ಕದಲ್ಲಿಟ್ಟು ನೋಡಿದ್ರೆ ತಾನೇ ಗೊತ್ತಿಲ್ಲದ ಮಳೆ ಅಳೆಯೋಕಾಗೋದು? ಆ ಗುಹೇಲಿ ಈಗ್ಲೂ ಒಂದೇ ಒಂದು ಕಡೆ ಅಪರೂಪಕ್ಕೆ ಹನಿ ಬೀಳುತ್ತೆ. ಅದರ ಕೆಳಗೆ ಒಂದು ಗಾಜು ಇಟ್ಟು ಬರ್ತೀನಿ."

ಹಲ್ಲಿಗೆ ತುಂಬುವ ಸಿಮೆಂಟು ಕಲಸಲು ತಾನು ಬಳಸುತ್ತಿದ್ದ ದಪ್ಪ ಗಾಜಿನ ಹಲಗೆಯನ್ನು ತಂಗಿಯೇ ತೊಳೆದು ಕೊಟ್ಟಿದ್ದಳು.

ಅಂದಿನಿಂದ ಪ್ರತಿವರ್ಷ ಹೋಗಿ ನೋಡುವುದು, ಬೋಳು ಗಾಜು ಕಂಡು ಬರುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅವನ ಕೆಲಸ. ಕಾಲಲ್ಲಿ ಕಸುವಿದ್ದಾಗ ಆ ಸೀಮೆಗೆ ಮಳೆ ಬರಲಿಲ್ಲ. ಎರಡು ವರ್ಷ ಒಳ್ಳೆ ಮಳೆಯಾಗುವ ಹೊತ್ತಿಗೆ ಅವನ ಶ್ವಾಸಕೋಶ ಕೈಕೊಟ್ಟಿತ್ತು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಇದಕ್ಕೆ ನಿನ್ನ ಹತ್ರ ಔಷಧಿ ಇದೆಯಾ ಡಾಕ್ಟ್ರೇ?" ಎಂದು ಆಕ್ಸಿಜನ್ ನಳಿಗೆಯ ಹಿಂದಿನಿಂದಲೇ ಕೇಳಿದ್ದ.

"ಬೇರೆ ಯಾರನ್ನಾದ್ರೂ ಕಳಿಸಿ ತರಿಸೋ ಮಾರಾಯ."

"ಬೇಡ. ಬೇರೆಯವರು ಮುಟ್ಟಬಾರದು. ಸ್ವಲ್ಪ ಸುಧಾರಿಸಲಿ, ನಾನೇ ಹೋಗ್ತೀನಿ."

ಸುಧಾರಿಸಲಿಲ್ಲ. ನಿನ್ನೆ ಸುದ್ದಿ ತಿಳಿಸಲು ಅವಳು ಫೋನು ಮಾಡಿದಾಗ ಕಾವಲುಗಾರ ಆ ಕಡೆಯಿಂದ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ, "ಡಾಕ್ಟ್ರಮ್ಮ, ಸಾಹೇಬ್ರ ಗಾಜಿನ ಮೇಲೆ ಏನೋ ಬೆಳ್ಳಗೆ ಕೂತಿದೆ. ದೂರದಿಂದ ಟಾರ್ಚು ಬಿಟ್ಟು ನೋಡಿದೆ. ತಗೊಂಡು ಬರ್ಲಾ?" ಎಂದ.

"ತನ್ನಿ. ಹುಷಾರು, ಒಡೀಬಾರದು," ಎಂದಷ್ಟೇ ಹೇಳಿದಳು.

*

ಕಾವಲುಗಾರ ಬರುವ ಲಕ್ಷಣ ಕಾಣಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಫೋನು ಬಂತು. ವ್ಯಾನಿನ ಡ್ರೈವರು ಇನ್ನು ತಾಳಲಾರೆ ಎಂದ. ಹೊರಟರು.

ಸ್ಮಶಾನದಲ್ಲಿ ಅಣ್ಣನ ಸಂಸ್ಥೆಯ ನಿರ್ದೇಶಕರು ನಾಲ್ಕು ಮಾತಾಡಿದರು. ನಾಲ್ಕರಲ್ಲಿ ಒಂದು, ಅಗಲಿದವರು ಗುಹೆಗಳ ಪ್ರಾಚೀನ ಚಿತ್ರಗಳ ಬಗ್ಗೆ ದುಡಿದವರು ಎಂಬುದಾಗಿತ್ತು.

"ಚಿತ್ರವಂತೆ," ಎಂದು ತಂಗಿಯ ಪಕ್ಕದಲ್ಲಿದ್ದ ಹೆಂಗಸು ಹಲ್ಲು ಕಚ್ಚಿದಳು. ಕಲ್ಲಿನ ಪುಡಿ ಪರೀಕ್ಷಿಸುವ ಯಂತ್ರ ನೋಡಿಕೊಳ್ಳುವವಳು ಅವಳು. ಅಣ್ಣ ಅವಳನ್ನು ಯಂತ್ರದಮ್ಮ ಎಂದೇ ಕರೆಯುತ್ತಿದ್ದ. "ಹದಿನೈದು ವರ್ಷ ಇವರ ಪಕ್ಕದ ರೂಮಿನಲ್ಲೇ ಕೂತಿದ್ರಲ್ರೀ."

"ಬಿಡಿ. ಗಾಜು ಬರಲಿ."

"ಬರಲಿ," ಎಂದು ಯಂತ್ರದಮ್ಮ ಕೈಚೀಲ ಸ್ವಲ್ಪ ತೆರೆದು ತೋರಿಸಿದಳು. ಒಳಗೆ ಒಂದು ಪುಟ್ಟ ಡಬ್ಬಿ, ಒಂದು ಚಿಮಟ ಇದ್ದವು. ಸಾವಿನ ಮನೆಗೆ ಇವನ್ನು ತರುವುದು ಸರಿಯೋ ತಪ್ಪೋ ಎಂಬ ಸಂಕೋಚ ಅವಳ ಮುಖದಲ್ಲಿತ್ತು. "ಉಗುರಿನಷ್ಟು ಸಿಕ್ಕಿದ್ರೆ ಸಾಕು. ಇವರ ಲೆಕ್ಕ ಸರಿಯೋ ತಪ್ಪೋ ಇತ್ಯರ್ಥ ಆಗುತ್ತೆ. ಸರಿಯಿದ್ರೆ ಇವರ ಹೆಸರಲ್ಲೇ ಬರೆದು ಕಳಿಸ್ತೀನಿ. ತಪ್ಪಿದ್ರೂ ಪರವಾಗಿಲ್ಲ, ಮುಗೀತು ಅನ್ನಬಹುದು. ಹೀಗೆ ಅರ್ಧಕ್ಕೆ ನಿಂತಿರೋದು ಮಾತ್ರ ತಡೆಯೋಕಾಗಲ್ಲ."

ತಂಗಿ ತಲೆಯಾಡಿಸಿದಳು. ಅವಳಿಗೂ ಅದೇ ತಡೆಯಲಾಗುತ್ತಿರಲಿಲ್ಲ.

*

ಯಂತ್ರದಮ್ಮನ ಜೊತೆ ಮನೆಗೆ ಮರಳಿದಾಗ ಕಾವಲುಗಾರ ಮೆಟ್ಟಿಲ ಮೇಲೆ ಕೂತಿದ್ದ. ತೊಡೆಯ ಮೇಲೆ ಟವೆಲ್ಲಿನ ಗಂಟು. ಎದ್ದು ನಿಂತವನ ಕಣ್ಣು ಕೆಂಪಾಗಿತ್ತು.

"ಮುಖ ನೋಡೋ ಯೋಗ ಇರ್ಲಿಲ್ಲ ಡಾಕ್ಟ್ರಮ್ಮ. ಆ ಹಾಳು ಬಸ್ಸು."

"ಒಳಗೆ ಬನ್ನಿ. ಗಾಜು ಸರಿಯಾಗಿದೆಯಾ?"

"ಒಂದು ಗೀರೂ ಬಿದ್ದಿಲ್ಲ."

ಅಡುಗೆಮನೆಯ ಮೇಜಿನ ಮೇಲೆ ಗಂಟು ಬಿಚ್ಚಿದ. ಒಂದು ಟವೆಲ್ಲು, ಅದರೊಳಗೆ ಇನ್ನೊಂದು, ಅದರೊಳಗೆ ಅವನ ಮಗಳ ರೇಷ್ಮೆ ದುಪಟ್ಟಾ. ಮಗು ಎತ್ತುವವನಂತೆ ಎರಡೂ ಕೈಯಲ್ಲಿ ಗಾಜನ್ನು ಎತ್ತಿ ಇಟ್ಟ. ಅದು ಥಳಥಳ ಹೊಳೆಯಿತು. ಅದರ ಮೂಲಕ ಮೇಜಿನ ಮರದ ಗೆರೆಗಳೆಲ್ಲ ಕಾಣುತ್ತಿದ್ದವು.

"ಬಸ್ಸು ಕೆಟ್ಟಲ್ಲೇ ಒಂದು ಅಂಗಡಿ ಇತ್ತು," ಎಂದ. "ಸಾಹೇಬ್ರ ಮನೆಗೆ ಕೊಳೆ ಗಾಜು ಕೊಡೋದಾ ಅನ್ನಿಸ್ತು. ಅಬ್ಬಾ, ಹಟಮಾರಿ ಕಲೆ, ಕಾಸಿನಗಲ ಕಚ್ಕೊಂಡಿತ್ತು. ನಿಂಬೆಹಣ್ಣು ಹಿಂಡಿದೆ ನೋಡಿ, ನೊರೆ ನೊರೆ ಬಂತು. ಬಸ್ಸು ರಿಪೇರಿ ಆಗೋವರೆಗೂ ಬಿಡದೆ ಉಜ್ಜಿದೆ."

ಯಂತ್ರದಮ್ಮ ಕೈಚೀಲದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದಳು. ಜಗುಲಿಯ ಕುರ್ಚಿ ದಡಾರನೆ ಸರಿದ ಸದ್ದು ಕೇಳಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಂಗಿಗೆ ಆ ಗಾಜನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನ್ನಿಸಿತು, ಇವನ ತಲೆಗೇ ಅಪ್ಪಳಿಸಬೇಕೆನ್ನಿಸಿತು. ಒಡೀಬಾರದು ಎಂದವಳು ತೊಳೀಬಾರದು ಎನ್ನಲಿಲ್ಲವಲ್ಲ ಎಂದು ತನ್ನ ಮೇಲೂ ಕೆಂಡದಂಥ ಸಿಟ್ಟು ಬಂತು. ಹಲ್ಲಿನ ಸಂದಿಯಲ್ಲಿ ಪಾಚಿ ಹುಡುಕುವ ಅಭ್ಯಾಸದಿಂದ ಬೆರಳು ತಾನಾಗಿ ಗಾಜಿನ ಅಂಚಿನ ಸುತ್ತ ಓಡಿತು. ಎಲ್ಲೂ ಏನೂ ತಡೆಯಲಿಲ್ಲ.

ಕಾವಲುಗಾರ ಅವಳ ಮುಖವನ್ನೇ ನೋಡುತ್ತಿದ್ದ. "ಚೆನ್ನಾಗಿ ಹೋಗಿದೆಯಾ?"

"ಚೆನ್ನಾಗಿ ಹೋಗಿದೆ," ಎಂದಳು. "ದೂರದಿಂದ ಬಂದಿದೀರಿ. ಕೈಕಾಲು ತೊಳ್ಕೊಳ್ಳಿ, ಊಟ ಮಾಡಿ."

ಅವನು ನಲ್ಲಿಯ ಹತ್ತಿರ ಹೋಗಿ ಸುತ್ತಿದ್ದ ಬಟ್ಟೆ ಬಿಚ್ಚಿದ. ವರ್ಷಗಟ್ಟಲೆ ತೊಟ್ಟಿಕ್ಕಿ ನಲ್ಲಿಯ ಬಾಯಿಗೂ ಕೆಳಗಿನ ಕಲ್ಲಿಗೂ ದಪ್ಪಗೆ ಬಿಳಿ ಕಟ್ಟಿತ್ತು. "ಇಲ್ಲೂ ಅದೇ ಕಲೆ," ಎಂದು ಜೇಬಿನಿಂದ ಕಾಗದದಲ್ಲಿ ಸುತ್ತಿದ ಅರ್ಧ ಹೋಳು ನಿಂಬೆ ತೆಗೆದ. "ಒಂದು ಹೋಳು ಉಳಿದಿತ್ತು. ಉಜ್ಜಿಬಿಡ್ತೀನಿ."

"ಬೇಡ."

ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಅಷ್ಟರಲ್ಲಿ ಅವಳ ಕೈ ಅವನ ಮಣಿಕಟ್ಟನ್ನು ಹಿಡಿದಾಗಿತ್ತು.

"ಅದು ಹಾಗೇ ಇರ್ಲಿ," ಎಂದಳು, ಮೆಲ್ಲಗೆ.

ಕಾವಲುಗಾರ ಅವಳನ್ನು ನೋಡಿದ. ನಲ್ಲಿಯ ಬಾಯಲ್ಲಿ ಕಟ್ಟಿದ್ದ ಬಿಳಿಯನ್ನು ನೋಡಿದ, ಅದರಿಂದ ಇಳಿದು ಬಿದ್ದ ಹನಿಯನ್ನು ನೋಡಿದ. ತಿರುಗಿ ಮೇಜಿನ ಮೇಲೆ ಹೊಳೆಯುತ್ತಿದ್ದ ಗಾಜನ್ನು ನೋಡಿದ. ಆಮೇಲೆ ಬಹಳ ನಿಧಾನವಾಗಿ ನಿಂಬೆ ಹಿಂಡಿದ ತನ್ನ ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದ.